ಮನೆಯಲ್ಲೇ ಮೊಸರಿನ ಪಾರ್ಫೆ: ನೀರು ಬಿಡದಂತೆ, ಸಕ್ಕರೆ ಹೆಚ್ಚಾಗದಂತೆ ಮಾಡುವ ಬಗೆ ಹೇಗೆ?

ತುಂಗಾತೀರ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಗಾಜಿನ ಲೋಟದಲ್ಲಿ ಗಟ್ಟಿ ಮೊಸರು, ಹಣ್ಣು ಮತ್ತು ಗ್ರಾನೋಲಾವನ್ನು (ಓಟ್ಸ್, ಬೀಜಗಳಿಗೆ ಸಿಹಿ ಬೆರೆಸಿ ಗರಿಗರಿಯಾಗಿಸಿದ ಮಿಶ್ರಣ) ಒಂದರ ಮೇಲೊಂದು ಪದರವಾಗಿ ತುಂಬಿ ಕೊಡುವ ಪಾರ್ಫೆ ಈಗ ನಮ್ಮ ಶಿವಮೊಗ್ಗದ ಕೆಫೆಗಳಲ್ಲೂ ಸಿಗುತ್ತಿದೆ. ಕಾಲೇಜಿಗೆ ಹೋಗುವ ನನ್ನ ಮಗಳಿಗೆ ಅದು ಅಚ್ಚುಮೆಚ್ಚು. ಹೊರಗೆ ಕೊಳ್ಳುವುದರಲ್ಲಿ ಎಷ್ಟು ಸಕ್ಕರೆ ಬಿದ್ದಿರುತ್ತದೆಯೋ ತಿಳಿಯದ ಕಾರಣ, ವಾರದಲ್ಲಿ ಎರಡು ಮೂರು ದಿನ ಇಡ್ಲಿ, ಉಪ್ಪಿಟ್ಟಿನ ಬದಲು ಇದನ್ನೇ ಮನೆಯಲ್ಲಿ ಮಾಡಿ ಡಬ್ಬಿಗೆ ಹಾಕಿ ಕಳುಹಿಸಬಹುದೆಂದು ಯೋಚಿಸಿದ್ದೇನೆ.

ಮಾಡುವ ಕ್ರಮವೇನೋ ನೋಡಲು ಸರಳವಾಗಿದೆ, ಆದರೆ ಬೆಳಗ್ಗೆ ಏಳಕ್ಕೆ ತುಂಬಿದ ಡಬ್ಬಿಯನ್ನು ಅವಳು ಹನ್ನೊಂದರ ಬಿಡುವಿನಲ್ಲಿ ತೆರೆಯುವ ಹೊತ್ತಿಗೆ ಮೊಸರು ನೀರು ಬಿಟ್ಟು, ಪದರಗಳೆಲ್ಲ ಕಲಸಿ, ಗ್ರಾನೋಲಾ ಮೆತ್ತಗಾಗಿ ಹೋಗಿರುತ್ತದೆ. ಪಪ್ಪಾಯಿ ಹಾಕಿದ ದಿನವಂತೂ ಮೊಸರಿಗೆ ಸ್ಪಷ್ಟವಾದ ಕಹಿ ಬರುತ್ತದೆ. ಅದು ಹುಳಿಯಲ್ಲ, ಕಹಿಯೇ. ಮೊಸರು ಮನೆಯಲ್ಲೇ ಹೆಪ್ಪು ಹಾಕಿದ್ದು, ಹಾಲು ಪ್ಯಾಕೆಟ್ಟಿನ ಟೋನ್ಡ್ ಹಾಲು. ಗ್ರಾನೋಲಾ ಮಾತ್ರ ಅಂಗಡಿಯದು.

ಇನ್ನೊಂದು ವಿಷಯವನ್ನೂ ಹೇಳಬೇಕು. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿದೆ. ಮೊಮ್ಮಗಳು ತಿನ್ನುವುದನ್ನು ನೋಡಿ ಅವರಿಗೂ ಆಸೆಯಾಗುತ್ತದೆ, ಸಹಜವೇ. ಅವರಿಗೂ ಕೊಡಬಹುದಾದ ರೀತಿಯಲ್ಲಿ ಇದನ್ನು ಮಾಡಲು ಸಾಧ್ಯವೇ? ಗ್ರೀಕ್ ಯೋಗರ್ಟ್ ಎಂದು ಮಾರುವ ಗಟ್ಟಿ ಮೊಸರಿನ ಸಣ್ಣ ಡಬ್ಬಿಗಳ ಬೆಲೆ ದಿನನಿತ್ಯದ ಬಳಕೆಗೆ ಹೊಂದುವಂತಿಲ್ಲ, ಆದ್ದರಿಂದ ಮನೆಯ ಮೊಸರಿನಲ್ಲೇ ಆಗುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಹಾಲುಕೆನೆ ಅವರ ಉತ್ತರ:

ತುಂಗಾತೀರ ಅವರೇ, ಹಾಲು ಮತ್ತು ಹಾಲಿನ ಉತ್ಪನ್ನಗಳ ಗುಣಮಟ್ಟ ನೋಡುವ ಕೆಲಸದಲ್ಲಿ ಬಹಳ ವರ್ಷ ಇದ್ದವನಾದ್ದರಿಂದ ಮೊಸರಿನ ಮಟ್ಟಿಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ ಮೂಲ ಒಂದೇ, ನೀರು. ಕಹಿಯ ಕಾರಣ ಬೇರೆ.

ಮೊಸರೆಂದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಹುಳಿಯ ಪ್ರಭಾವದಿಂದ ಒಂದಕ್ಕೊಂದು ಅಂಟಿಕೊಂಡು ಬಲೆಯಂತಾಗಿ, ಆ ಬಲೆಯ ಕಣ್ಣುಗಳಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುವ ಸ್ಥಿತಿ. ಅದರ ತೂಕದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ನೀರೇ ಇರುತ್ತದೆ. ಚಮಚ ಹಾಕಿ ಬಲೆಯನ್ನು ಕಡಿದ ಕೂಡಲೇ ನೀರು ಹೊರಬರಲು ತೊಡಗುತ್ತದೆ. ಡಬ್ಬಿಯನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದರೆ ಇನ್ನೂ ಹೆಚ್ಚು. ಹಾಗಾಗಿ ಹೊರಬರಬೇಕಾದ ನೀರನ್ನು ಮೊದಲೇ ಹೊರಹಾಕಿಬಿಡುವುದು ಸುಲಭದ ಉಪಾಯ.

ಆದರೆ ಸೋಸುವುದಕ್ಕಿಂತ ಮೊದಲು ಹೆಪ್ಪು ಹಾಕುವ ಕ್ರಮವನ್ನು ಒಮ್ಮೆ ನೋಡಿ. ಪ್ಯಾಕೆಟ್ ಹಾಲನ್ನು ಒಂದು ಉಕ್ಕು ಬರಿಸಿ ಇಳಿಸಿಬಿಡುವುದು ರೂಢಿ. ಅದನ್ನು ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತ ಇನ್ನೊಂದು ಹತ್ತು ನಿಮಿಷ ಕಾಯಿಸಿದರೆ ಹಾಲಿನಲ್ಲಿರುವ ಇನ್ನೊಂದು ಬಗೆಯ ಪ್ರೋಟೀನು, ಅಂದರೆ ತಿಳಿನೀರಿನೊಡನೆ ಹೊರಟುಹೋಗುವ ಜಾತಿಯದು, ಶಾಖಕ್ಕೆ ಬಿಚ್ಚಿಕೊಂಡು ಕೇಸಿನ್ನಿಗೆ ಅಂಟುತ್ತದೆ. ಇದರಿಂದ ಬಲೆ ಬಿಗಿಯಾಗಿ, ನೀರು ಬಿಡುವುದು ಕಡಿಮೆಯಾಗುತ್ತದೆ. ಹಾಲು 40ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಆರಿದಾಗ, ಅಂದರೆ ಬೆರಳು ಅದ್ದಿ ಹತ್ತು ಎಣಿಸುವವರೆಗೂ ಸುಡದೆ ಬೆಚ್ಚಗಿದ್ದಾಗ, ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಹೆಪ್ಪು ಬೆರೆಸಿ, ಆಮೇಲೆ ಪಾತ್ರೆಯನ್ನು ಅಲುಗಿಸಬೇಡಿ. ಬೇಸಿಗೆಯಲ್ಲಿ ಐದಾರು ಗಂಟೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಎಂಟು ಹತ್ತು ಗಂಟೆ ಬೇಕಾದೀತು. ತಣ್ಣನೆಯ ದಿನಗಳಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದ ಮೊಸರು ಕೆಲವೊಮ್ಮೆ ಲೋಳೆಲೋಳೆಯಾಗಿ ನೂಲು ಎಳೆಯುವುದುಂಟು. ಅಂಥದ್ದು ಬಟ್ಟೆಯಲ್ಲಿ ಸರಿಯಾಗಿ ಸೋಸುವುದಿಲ್ಲ. ಆಗ ಹೆಪ್ಪನ್ನೇ ಬದಲಿಸಬೇಕು.

ಹೆಪ್ಪುಗಟ್ಟಿದ ಮೊಸರನ್ನು ಮೊದಲು ಫ್ರಿಜ್‌ನಲ್ಲಿ ಚೆನ್ನಾಗಿ ತಣಿಸಿ. ಆಮೇಲೆ ಒಂದು ಜರಡಿಯ ಮೇಲೆ ತೊಳೆದು ಹಿಂಡಿದ ತೆಳು ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಹಾಸಿ, ಮೊಸರನ್ನು ದೊಡ್ಡ ದೊಡ್ಡ ಚಮಚದಲ್ಲಿ ತೆಗೆದು ಹಾಕಿ, ಜರಡಿಯನ್ನು ಪಾತ್ರೆಯ ಮೇಲಿಟ್ಟು ಇಡೀ ಪಾತ್ರೆಯನ್ನು ಫ್ರಿಜ್‌ನಲ್ಲಿಡಿ. ನಲ್ಲಿಗೆ ಗಂಟು ಕಟ್ಟಿ ರಾತ್ರಿಯಿಡೀ ಹೊರಗೆ ನೇತುಹಾಕುವ ಪದ್ಧತಿ ಹಳೆಯದೇ ಆದರೂ ಬೇಸಿಗೆಯಲ್ಲಿ ಆ ಹೊತ್ತಿಗೆ ಮೊಸರು ವಿಪರೀತ ಹುಳಿಯಾಗುತ್ತದೆ, ಆ ಹುಳಿಯನ್ನು ಮುಚ್ಚಲು ಮತ್ತೆ ಸಕ್ಕರೆ ಸುರಿಯಬೇಕಾಗುತ್ತದೆ. ಎರಡು ಮೂರು ಗಂಟೆ ಸೋಸಿದರೆ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾಗುತ್ತದೆ, ಪಾರ್ಫೆಗೆ ಅದೇ ಹದ. ರಾತ್ರಿಯಿಡೀ ಬಿಟ್ಟರೆ ಒಂದು ಕಿಲೋ ಮೊಸರು ಅರ್ಧ ಕಿಲೋ ಆಸುಪಾಸಿಗೆ ಇಳಿಯುತ್ತದೆ. ಆಗ ಒಂದೆರಡು ಚಮಚ ಹಾಲು ಸೇರಿಸಿ ಚಮಚದ ಬೆನ್ನಿನಿಂದ ನಯವಾಗುವಷ್ಟು ಮಾತ್ರ ಕದಡಿ. ಮಿಕ್ಸಿಗೆ ಹಾಕಿದರೆ ಬಲೆ ಪೂರ್ತಿ ಹರಿದು ಮತ್ತೆ ತೆಳ್ಳಗಾಗುತ್ತದೆ.

ಇನ್ನು ಪಪ್ಪಾಯಿಯ ಕಹಿ. ಪಪ್ಪಾಯಿಯಲ್ಲಿ ಪಪೈನ್, ಅನಾನಸಿನಲ್ಲಿ ಬ್ರೊಮಿಲೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವಗಳಿವೆ. ಮೂರೂ ಪ್ರೋಟೀನನ್ನು ತುಂಡರಿಸುವಂಥವು. ಹಾಲಿನ ಪ್ರೋಟೀನು ಹೀಗೆ ತುಂಡಾದಾಗ ಹುಟ್ಟುವ ಸಣ್ಣ ಚೂರುಗಳಲ್ಲಿ ಕೆಲವು ನಾಲಿಗೆಗೆ ಕಹಿ. ಜೊತೆಗೆ ಬಲೆಯೂ ಹರಿಯುವುದರಿಂದ ಮೊಸರು ನೀರಾಗುತ್ತದೆ. ಕಾಯಿ ಪಪ್ಪಾಯಿಯಲ್ಲಿ ಇದು ಹೆಚ್ಚು, ಪೂರ್ತಿ ಮಾಗಿದ್ದರಲ್ಲಿ ಕಡಿಮೆ. ಆದರೆ ನಾಲ್ಕು ಗಂಟೆ ಒಟ್ಟಿಗಿಟ್ಟರೆ ಮಾಗಿದ ಹಣ್ಣೂ ತನ್ನ ಕೆಲಸ ಮಾಡುತ್ತದೆ. ಕೂಡಲೇ ತಿನ್ನುವುದಾದರೆ ಧಾರಾಳವಾಗಿ ಬಳಸಿ, ಡಬ್ಬಿಗೆ ಬೇಡ. ಅನಾನಸನ್ನು ಸಣ್ಣ ಹೋಳು ಮಾಡಿ ತನ್ನದೇ ರಸದಲ್ಲಿ ಐದು ನಿಮಿಷ ಕುದಿಸಿ ಆರಿಸಿದರೆ ಕಿಣ್ವ ನಾಶವಾಗುತ್ತದೆ, ಆಮೇಲೆ ಎಷ್ಟು ಹೊತ್ತು ಇಟ್ಟರೂ ಕಹಿಯಾಗದು. ಮಾವು, ಬಾಳೆ, ದಾಳಿಂಬೆ, ಸೀಬೆ, ಚಿಕ್ಕು, ಸೇಬು ಇವುಗಳಿಂದ ಈ ಕಹಿಯ ತೊಂದರೆ ಬರುವುದಿಲ್ಲ.

ಡಬ್ಬಿಗೆ ನನ್ನ ಮೊದಲ ಆಯ್ಕೆ ದಾಳಿಂಬೆ. ಪ್ರತಿ ಕಾಳಿನ ಮೇಲೂ ಅದರದೇ ಸಿಪ್ಪೆಯಿರುವುದರಿಂದ, ಬಿಡಿಸುವಾಗ ಒಡೆಯದಿದ್ದರೆ, ಮಧ್ಯಾಹ್ನದವರೆಗೂ ಒಂದು ಹನಿ ರಸ ಬಿಡುವುದಿಲ್ಲ. ಹೆಚ್ಚಿದ ಹಣ್ಣಿನ ಮೇಲೆ ಮುಂಚೆಯೇ ಸಕ್ಕರೆ ಅಥವಾ ಜೇನು ಹಾಕಿದರೆ ಅದು ಹಣ್ಣಿನ ನೀರನ್ನೆಲ್ಲ ಹೊರಗೆಳೆಯುತ್ತದೆ ಎಂಬುದನ್ನೂ ಗಮನಿಸಿ. ಬಾಳೆಹಣ್ಣು ಹಾಕುವುದಾದರೆ ತಳದಲ್ಲಿ ಹಾಕಿ ಮೇಲೆ ಮೊಸರನ್ನು ಸಂದಿಲ್ಲದಂತೆ ಹರಡಿ. ಗಾಳಿ ತಾಗದಿದ್ದರೆ ಅದು ಬೇಗ ಕಪ್ಪಾಗುವುದಿಲ್ಲ.

ಧಾರವಾಡದ ಒಲೆ ಅವರ ಉತ್ತರ:

ಹಾಲುಕೆನೆಯವರು ವಿವರಿಸಿದ ಸೋಸಿದ ಮೊಸರಿಗೆ ನಮ್ಮ ಕಡೆ ಚಕ್ಕಾ ಎನ್ನುತ್ತಾರೆ. ಶ್ರೀಖಂಡ ಮಾಡುವ ಮನೆಗಳಲ್ಲಿ ಇದೇನೂ ಹೊಸದಲ್ಲ. ಶ್ರೀಖಂಡಕ್ಕೆ ಚಕ್ಕಾದಷ್ಟೇ ತೂಕದ ಸಕ್ಕರೆ ಬೀಳುವುದುಂಟು, ಇಲ್ಲಿ ಅದನ್ನು ಕೈಬಿಡುತ್ತೇವೆ, ಅಷ್ಟೇ ವ್ಯತ್ಯಾಸ. ಚಕ್ಕಾಕ್ಕೆ ಒಂದು ಚಿಟಿಕೆ ಏಲಕ್ಕಿ ಪುಡಿ, ಬೆಚ್ಚಗಿನ ಹಾಲಿನಲ್ಲಿ ನೆನೆಸಿದ ನಾಲ್ಕು ಎಸಳು ಕೇಸರಿ ಸೇರಿಸಿದರೆ ಸಿಹಿಯಿಲ್ಲವೆಂಬುದು ಅಷ್ಟಾಗಿ ಗೊತ್ತಾಗುವುದಿಲ್ಲ. ಹಣ್ಣಿನ ಸಿಹಿ ಸಾಕಾಗುತ್ತದೆ.

ನಾನು ಬರೆಯಬೇಕೆಂದಿದ್ದು ಗರಿಗರಿ ಪದರದ ಬಗ್ಗೆ. ಅಂಗಡಿಯ ಗ್ರಾನೋಲಾ ಏಕೆ ಬೇಕು? ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ಅಳ್ಳು ಹುರಿಯುತ್ತಾರೆ, ಬೇರೆ ಕಡೆ ಅರಳು ಎನ್ನುವುದೂ ಇದನ್ನೇ. ಜೋಳಕ್ಕೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟು, ಮೇಲಿನ ಪಸೆ ಆರಿದ ನಂತರ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಒತ್ತಿ ಆಡಿಸಿದರೆ ಮಲ್ಲಿಗೆ ಮೊಗ್ಗು ಬಿರಿದಂತೆ ಅರಳುತ್ತದೆ. ಎಲ್ಲ ಜೋಳವೂ ಸಮನಾಗಿ ಅರಳುವುದಿಲ್ಲ, ಅಳ್ಳಿಗೆಂದೇ ಕೇಳಿ ತರಬೇಕು. ಅಷ್ಟು ವ್ಯವಧಾನವಿಲ್ಲದವರು ಅಂಗಡಿಯಲ್ಲಿ ಸಿಗುವ ಸಿದ್ಧ ಅರಳನ್ನೇ ತರಬಹುದು. ಅದೂ ಸಿಗದಿದ್ದರೆ ತೆಳು ಅವಲಕ್ಕಿಯನ್ನು ಬಿಸಿಲಿಗಿಟ್ಟು ಸಣ್ಣ ಉರಿಯಲ್ಲಿ ಹುರಿದುಕೊಳ್ಳಿ.

ಎರಡು ಬಟ್ಟಲು ಅಳ್ಳು, ಅರ್ಧ ಬಟ್ಟಲು ಓಟ್ಸ್, ಕಾಲು ಬಟ್ಟಲು ಹುರಿದು ಸಿಪ್ಪೆ ತೆಗೆದು ಒಡೆದ ಶೇಂಗಾ, ಎರಡು ದೊಡ್ಡ ಚಮಚ ಬಿಳಿ ಎಳ್ಳು, ಎರಡು ದೊಡ್ಡ ಚಮಚ ಹುರಿದು ತರಿಯಾಗಿ ಪುಡಿ ಮಾಡಿದ ಅಗಸಿ ಇಟ್ಟುಕೊಳ್ಳಿ. ಅಗಸಿಯನ್ನು ಇಡಿಯಾಗಿ ಹಾಕಿದರೆ ಜೀರ್ಣವಾಗದೆ ಹಾಗೆಯೇ ಹೋಗುತ್ತದೆ, ಆದ್ದರಿಂದ ಪುಡಿಯೇ ಸರಿ. ದಪ್ಪ ತಳದ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ತುಪ್ಪ ಕಾಯಿಸಿ, ಎರಡು ದೊಡ್ಡ ಚಮಚ ಪುಡಿ ಬೆಲ್ಲ ಹಾಕಿ, ಅದು ಕರಗಿ ನೊರೆಯೇಳುತ್ತಿದ್ದಂತೆ ಮೊದಲು ಓಟ್ಸ್ ಹಾಕಿ ಹೊಂಬಣ್ಣಕ್ಕೆ ಹುರಿಯಿರಿ. ಆಮೇಲೆ ಉಳಿದ ಕಾಳುಗಳನ್ನೂ, ಕೊನೆಗೆ ಉರಿ ಆರಿಸಿ ಅಳ್ಳನ್ನೂ ಸೇರಿಸಿ ಮೃದುವಾಗಿ ಹೊರಳಾಡಿಸಿ. ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿಯಿರುವಾಗ ಮುಚ್ಚಳ ಹಾಕಿದರೆ ಒಳಗೇ ಬೆವರಿ ಮೆತ್ತಗಾಗುತ್ತದೆ.

ಇಲ್ಲಿ ತುಪ್ಪ ಹಾಕುವುದು ರುಚಿಗಷ್ಟೇ ಅಲ್ಲ. ಪ್ರತಿ ಕಾಳಿನ ಮೇಲೆ ತೆಳುವಾಗಿ ಹರಡಿದ ಜಿಡ್ಡು ಮೊಸರಿನ ಪಸೆಯನ್ನು ಕೆಲ ಹೊತ್ತು ತಡೆಯುತ್ತದೆ. ಆದರೂ ಡಬ್ಬಿಗೆ ಹಾಕುವಾಗ ಇದನ್ನು ಮೊಸರಿನೊಳಗೆ ಹುದುಗಿಸಬೇಡಿ. ಬೇರೆ ಪುಟ್ಟ ಡಬ್ಬಿಯಲ್ಲಿ ಕೊಟ್ಟು, ತಿನ್ನುವಾಗ ಮೇಲೆ ಸುರಿದುಕೊಳ್ಳಲು ಹೇಳಿ. ನಾಲ್ಕು ಗಂಟೆ ಕಾದ ಮೇಲೂ ಗರಿಗರಿಯಾಗಿ ಉಳಿಯುವ ಪದರವನ್ನು ನಾನಂತೂ ಎಲ್ಲೂ ಕಂಡಿಲ್ಲ. ಮನೆಯಲ್ಲಿ ಕೂತು ತಿನ್ನುವುದಾದರೆ ಮಾತ್ರ ಲೋಟದಲ್ಲಿ ನಡುವೆಯೂ ಒಂದು ಪದರ ಹಾಕಬಹುದು, ಆಗಲೂ ಅದು ಹೆಚ್ಚಿದ ಹಣ್ಣಿಗೆ ತಾಗಬಾರದು. ಮೊಸರು, ಅಳ್ಳು, ಮತ್ತೆ ಮೊಸರು, ಅದರ ಮೇಲೆ ಹಣ್ಣು ಎಂಬ ಕ್ರಮ ಇಟ್ಟುಕೊಂಡರೆ ಹಣ್ಣಿನ ರಸ ಅಳ್ಳಿನವರೆಗೆ ಇಳಿಯಲು ಹೊತ್ತು ಹಿಡಿಯುತ್ತದೆ.

ಕೆಫೆಯವರು ಹಾಕುವ ಬ್ಲೂಬೆರಿಗೆ ಹಣ ಸುರಿಯುವ ಅಗತ್ಯವೂ ಇಲ್ಲ. ಜೂನ್, ಜುಲೈ ತಿಂಗಳಲ್ಲಿ ನೇರಳೆ ಹಣ್ಣಿನ ಬೀಜ ತೆಗೆದು, ತಿರುಳನ್ನು ನೀರು ಹಾಕದೆ ಸಣ್ಣ ಉರಿಯಲ್ಲಿ ಬಾಡಿಸಿದರೆ ಅದೇ ನೇರಳೆ ಬಣ್ಣದ ಪದರ ಸಿಗುತ್ತದೆ. ಬೇಸಿಗೆಯಲ್ಲಿ ವಿಜಯಪುರದ ಕಡೆಯ ಕಪ್ಪು ದ್ರಾಕ್ಷಿಯನ್ನೂ ಹೀಗೆಯೇ ಮಾಡಬಹುದು. ಸಕ್ಕರೆಗೆ ಬದಲು ಬೆಲ್ಲ ಬಳಸುವುದರಿಂದ ಅತ್ತೆಯವರಿಗೂ ಕೊಡಲು ಅಡ್ಡಿಯಿರಲಾರದು ಎಂದು ನನ್ನ ಎಣಿಕೆ.

ಪಥ್ಯಾಹಾರ ಅವರ ಉತ್ತರ:

ಧಾರವಾಡದ ಒಲೆಯವರ ಅಳ್ಳಿನ ಮಿಶ್ರಣ ನನಗೆ ಬಹಳ ಹಿಡಿಸಿತು, ಆದರೆ ಅವರ ಕೊನೆಯ ವಾಕ್ಯವನ್ನು ಒಪ್ಪಲಾರೆ. ಆಹಾರ ಸಲಹೆ ನೀಡುವ ವೃತ್ತಿಯಲ್ಲಿರುವ ನನಗೆ ಪ್ರತಿದಿನವೂ ಎದುರಾಗುವ ನಂಬಿಕೆ ಇದು. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ, ಜೇನಿನಲ್ಲೂ ಅಷ್ಟೇ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶಗಳು ಇವೆಯೆಂಬುದು ನಿಜವಾದರೂ ನಾವು ಬಳಸುವ ಪ್ರಮಾಣದಲ್ಲಿ ಅದರಿಂದ ಆಗುವ ಲಾಭ ಅಲ್ಪ. ರಕ್ತದ ಸಕ್ಕರೆಯ ದೃಷ್ಟಿಯಿಂದ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಇವೆಲ್ಲ ಸೇರಿ ದಿನದ ಶಕ್ತಿಯ ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆಯಿರಬೇಕು, ಐದು ಪಾಲಿಗಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2000 ಕಿಲೋ ಕ್ಯಾಲೊರಿ ಸೇವಿಸುವವರಿಗೆ ಐದು ಪಾಲೆಂದರೆ 25 ಗ್ರಾಂ. ಒಂದು ದೊಡ್ಡ ಚಮಚ ಜೇನಿನಲ್ಲೇ ಸುಮಾರು 17 ಗ್ರಾಂ ಸಕ್ಕರೆಯಿದೆ. ಪಾರ್ಫೆಯ ಮೇಲೆ ಕಣ್ಣಿಗೆ ಚೆಂದ ಕಾಣಲೆಂದು ಜೇನನ್ನು ದಾರದಂತೆ ಸುರಿಯುವಾಗ ಒಂದು ಚಮಚ ಮೀರಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಇಡಿಯಾಗಿ ಅಗಿದು ತಿನ್ನುವ ಹಣ್ಣಿನ ಸಕ್ಕರೆಯನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾಗಿ ಸಿಹಿ ಬೇಕೆನಿಸಿದರೆ ಹಣ್ಣಿನಿಂದಲೇ ಬರಲಿ, ಅದೂ ಹೋಳಾಗಿ. ಒಲೆಯವರ ಮಿಶ್ರಣದಲ್ಲಿ ಎರಡು ದೊಡ್ಡ ಚಮಚ ಬೆಲ್ಲ ಇಡೀ ಡಬ್ಬಿಗೆ ಹಂಚಿಹೋಗುವುದರಿಂದ ಒಬ್ಬರ ಪಾಲಿಗೆ ಎರಡು ಮೂರು ಗ್ರಾಂ ಮಾತ್ರ ಬೀಳುತ್ತದೆ, ಮಗಳ ಮಟ್ಟಿಗೆ ಅದರಲ್ಲಿ ಚಿಂತಿಸುವಂಥದ್ದು ಏನೂ ಇಲ್ಲ. ಅತ್ತೆಯವರಿಗೆ ಬೆಲ್ಲವಿಲ್ಲದೆ, ಚಿಟಿಕೆ ಉಪ್ಪು ಮತ್ತು ದಾಲ್ಚಿನ್ನಿ ಪುಡಿ ಹಾಕಿ ಹುರಿದ ಬೇರೆ ಪಾಲನ್ನು ತೆಗೆದಿಡಿ.

ಅಂಗಡಿಯ ಡಬ್ಬಿಯನ್ನು ಕೊಳ್ಳುವ ಸಂದರ್ಭ ಬಂದರೆ ಹಿಂಬದಿಯ ಪೋಷಕಾಂಶಗಳ ಪಟ್ಟಿಯಲ್ಲಿ ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆ ಎಂಬ ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ಓದಿ. ಏನೂ ಬೆರೆಸದ ಮೊಸರಿನಲ್ಲೂ ಹಾಲಿನದೇ ಸಕ್ಕರೆಯಾದ ಲ್ಯಾಕ್ಟೋಸ್ 100 ಗ್ರಾಮಿಗೆ ನಾಲ್ಕೈದು ಗ್ರಾಂ ಇದ್ದೇ ಇರುತ್ತದೆ, ಅದನ್ನು ಕಂಡು ಗಾಬರಿಯಾಗುವುದು ಬೇಡ. ನೋಡಬೇಕಾದದ್ದು ಎರಡನೆಯ ಸಾಲನ್ನು.

ಪ್ರಮಾಣದ ಬಗ್ಗೆ ಯಾರೂ ಹೇಳಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು 2000 ಕಿಲೋ ಕ್ಯಾಲೊರಿಯ ದಿನದ ತಟ್ಟೆಗೆ 300 ಮಿಲಿಲೀಟರ್ ಹಾಲು ಅಥವಾ ಮೊಸರು ಮತ್ತು 100 ಗ್ರಾಂ ಹಣ್ಣನ್ನು ಸೂಚಿಸುತ್ತದೆ. ಒಂದು ಲೋಟಕ್ಕೆ 120 ಗ್ರಾಂ ಸೋಸಿದ ಮೊಸರು, 80 ಗ್ರಾಂ ಹಣ್ಣು, 25 ಗ್ರಾಂ ಅಳ್ಳು ಮತ್ತು ಬೀಜಗಳ ಮಿಶ್ರಣ ಎಂದಿಟ್ಟುಕೊಂಡರೆ ಹೆಚ್ಚುಕಡಿಮೆ 300 ಕಿಲೋ ಕ್ಯಾಲೊರಿಯಾಗುತ್ತದೆ, ಹತ್ತು ಗ್ರಾಂ ದಾಟಿ ಪ್ರೋಟೀನೂ ಸಿಗುತ್ತದೆ. ಇದು ಒಂದು ಹೊತ್ತಿನ ತಿಂಡಿ. ಊಟ ಮುಗಿಸಿ ಬಾಯಿ ಸಿಹಿಗೆಂದು ತಿನ್ನುವ ಪದಾರ್ಥವಲ್ಲ. ಆರೋಗ್ಯಕರವೆಂಬ ಹೆಸರಿನಲ್ಲಿ ಊಟದ ಮೇಲೆ ಇದನ್ನೂ ತಿಂದರೆ ಹೆಚ್ಚುವುದು ತೂಕವೇ.

ಮತ್ತೊಂದು ಸೂಕ್ಷ್ಮವಿದೆ. ಸೋಸಿದಾಗ ಪ್ರೋಟೀನು ಒತ್ತಾಗುವಂತೆ ಕೊಬ್ಬೂ ಒತ್ತಾಗುತ್ತದೆ. ಟೋನ್ಡ್ ಹಾಲಿನಲ್ಲಿ ನೂರಕ್ಕೆ 3 ಪಾಲು ಕೊಬ್ಬಿದ್ದರೆ, ತೂಕ ಅರ್ಧಕ್ಕೆ ಇಳಿದ ಸೋಸಿದ ಮೊಸರಿನಲ್ಲಿ ಅದು 6ರ ಹತ್ತಿರ ಬರುತ್ತದೆ. ನೂರಕ್ಕೆ 6 ಪಾಲು ಕೊಬ್ಬಿರುವ ಪೂರ್ಣ ಕೆನೆಯ ಹಾಲಾದರೆ 12ರ ಹತ್ತಿರ ಹೋಗುತ್ತದೆ. ನೀವು ಟೋನ್ಡ್ ಹಾಲು ಬಳಸುತ್ತಿರುವುದು ಸರಿಯಾಗಿಯೇ ಇದೆ, ಗಟ್ಟಿಯಾಗಲೆಂದು ಕೆನೆ ಹಾಲಿಗೆ ಬದಲಾಯಿಸಬೇಡಿ.

ಅತ್ತೆಯವರ ಲೋಟದಲ್ಲಿ ಹಣ್ಣನ್ನು ಅರ್ಧಕ್ಕಿಳಿಸಿ, ಮಾವು ಮತ್ತು ಬಾಳೆಯ ಬದಲು ಸಿಪ್ಪೆಸಹಿತ ಹೆಚ್ಚಿದ ಗಟ್ಟಿ ಸೀಬೆಹಣ್ಣು ಹಾಕಿ. ಹಲ್ಲಿಗೆ ಕಷ್ಟವಾದರೆ ಬೀಜದ ಭಾಗ ತೆಗೆದುಬಿಡಿ. ತಿಂದ ಎರಡು ಗಂಟೆಯ ನಂತರ ಮನೆಯ ಗ್ಲುಕೋಮೀಟರಿನಲ್ಲಿ ಒಮ್ಮೆ ನೋಡಿಕೊಂಡರೆ ಅವರ ದೇಹಕ್ಕೆ ಈ ಪ್ರಮಾಣ ಹೊಂದುತ್ತದೆಯೇ ಎಂಬುದು ತಿಳಿಯುತ್ತದೆ. ಅವರ ವೈದ್ಯರಿಗೂ ವಿಷಯ ತಿಳಿಸಿರಿ, ಮೂತ್ರಪಿಂಡದ ತೊಂದರೆ ಜೊತೆಗಿದ್ದರಂತೂ ಕೇಳದೆ ಕೊಡಬೇಡಿ. ಈ ಚರ್ಚೆಯನ್ನು ಓದುವ ಪುಟ್ಟ ಮಕ್ಕಳ ತಾಯಂದಿರಿಗೆ ಒಂದು ಮಾತು: ಒಂದು ವರ್ಷದೊಳಗಿನ ಕೂಸಿಗೆ ಜೇನು ಯಾವ ರೂಪದಲ್ಲೂ ಕೂಡದು, ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ, ಬಾದಾಮಿ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಬೀಜಗಳನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿ ಕೊಡಬೇಕು.

ಎಡಿಸನ್ ಕನ್ನಡಿಗ ಅವರ ಉತ್ತರ:

ನ್ಯೂಜೆರ್ಸಿಯಿಂದ ಒಂದೆರಡು ಮಾತು. ಇಲ್ಲಿ ಪಾರ್ಫೆ ಕಾಫಿ ಅಂಗಡಿಯಿಂದ ಹಿಡಿದು ಪೆಟ್ರೋಲ್ ಬಂಕಿನ ಅಂಗಡಿಯವರೆಗೆ ಎಲ್ಲೆಲ್ಲೂ ಸಿಗುವ ತಿನಿಸು, ಮತ್ತು ಪಥ್ಯಾಹಾರ ಅವರು ಹೇಳಿದ ಸಕ್ಕರೆಯ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಒಂದೇ ಕಂಪನಿಯ ಒಂದೇ ಗಾತ್ರದ ಎರಡು ಡಬ್ಬಿಗಳು ಪಕ್ಕಪಕ್ಕದಲ್ಲಿದ್ದು, ಏನೂ ಬೆರೆಸದ್ದರಲ್ಲಿ ಸೇರಿಸಿದ ಸಕ್ಕರೆ ಸೊನ್ನೆಯಿದ್ದರೆ ವೆನಿಲ್ಲಾದ್ದರಲ್ಲಿ ಹಾಗಿರುವುದಿಲ್ಲ. ಮುಂಬದಿಯ ಚಿತ್ರ ನೋಡಿದರೆ ಇದು ತಿಳಿಯದು. ಏನೂ ಬೆರೆಸದ, ಕೊಬ್ಬು ತೆಗೆದ ಗ್ರೀಕ್ ಯೋಗರ್ಟಿನಲ್ಲಿ 100 ಗ್ರಾಮಿಗೆ ಸುಮಾರು 10 ಗ್ರಾಂ ಪ್ರೋಟೀನ್ ಇರುತ್ತದೆ. ಮನೆಯಲ್ಲಿ ಸೋಸಿದ್ದು ಅಷ್ಟು ಬರುವುದಿಲ್ಲ, ಆದರೆ ಬೆಲೆಯ ಅಂತರ ನೋಡಿದರೆ ಆರೇಳು ಗ್ರಾಂ ಕಡಿಮೆಯೇನಲ್ಲ.

ಚಳಿಯ ಊರುಗಳಲ್ಲಿರುವ ಕನ್ನಡಿಗರಿಗೆ: ಮೊಸರು ಲೋಳೆಯಾಗುವ ತೊಂದರೆ ಇಲ್ಲಿ ವರ್ಷದಲ್ಲಿ ಆರು ತಿಂಗಳು ಇದ್ದದ್ದೇ. ಓವನ್ ಹೊತ್ತಿಸದೆ, ಅದರೊಳಗಿನ ದೀಪವನ್ನು ಮಾತ್ರ ಉರಿಸಿ ಹೆಪ್ಪು ಹಾಕಿದ ಪಾತ್ರೆಯನ್ನು ಒಳಗಿಟ್ಟರೆ ಬೇಕಾದ ಬೆಚ್ಚನೆ ಸಿಗುತ್ತದೆ.

ತುಂಗಾತೀರ ಅವರ ಮರುಪ್ರಶ್ನೆ:

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ಅಳ್ಳು ಇಲ್ಲಿನ ಅಂಗಡಿಯಲ್ಲೇ ಸಿಕ್ಕಿತು. ಸೋಸಿದ ಮೊಸರು, ದಾಳಿಂಬೆ, ಬೇರೆ ಡಬ್ಬಿಯಲ್ಲಿ ಅಳ್ಳು ಎಂಬ ಕ್ರಮ ಮಗಳಿಗೂ ಒಪ್ಪಿಗೆಯಾಗಿದೆ. ಒಂದೇ ಒಂದು ಸಂದೇಹ ಉಳಿದಿದೆ. ಸೋಸಿದಾಗ ಪಾತ್ರೆಯಲ್ಲಿ ನಿಲ್ಲುವ ಹಳದಿಹಸಿರು ನೀರು ಕಡಿಮೆಯೇನೂ ಇರುವುದಿಲ್ಲ, ಅದರಲ್ಲಿ ಸತ್ವವಿದೆಯೇ, ಅಥವಾ ಚೆಲ್ಲಬಹುದೇ? ನಮ್ಮ ಅತ್ತೆಯವರು ಚೆಲ್ಲಲು ಬಿಡುತ್ತಿಲ್ಲ.

ಹಾಲುಕೆನೆ ಅವರ ಉತ್ತರ:

ಅತ್ತೆಯವರ ಮಾತೇ ಸರಿ. ಹಾಲಿನಲ್ಲಿ ಕೇಸಿನ್ನಿಗೆ ಅಂಟಿಕೊಂಡಿರುವ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ, ಮೊಸರು ಹುಳಿಯಾಗುತ್ತಿದ್ದಂತೆ ಬಿಡಿಸಿಕೊಂಡು ನೀರಿಗೆ ಇಳಿಯುತ್ತದೆ. ಆದ್ದರಿಂದ ಅರ್ಧದಷ್ಟು ನೀರನ್ನು ಸೋಸಿ ಚೆಲ್ಲಿದರೆ ಕ್ಯಾಲ್ಸಿಯಮ್ಮಿನ ದೊಡ್ಡ ಪಾಲು ಅದರ ಜೊತೆಗೇ ಹೋಗುತ್ತದೆ. ಗಟ್ಟಿ ಮೊಸರು ಎಲ್ಲ ವಿಧದಲ್ಲೂ ಸಾದಾ ಮೊಸರಿಗಿಂತ ಮೇಲು ಎಂಬ ಪ್ರಚಾರದಲ್ಲಿ ಈ ವಿಷಯ ಸಾಮಾನ್ಯವಾಗಿ ಬರುವುದಿಲ್ಲ. ಪ್ರೋಟೀನಿನ ಮಟ್ಟಿಗೆ ಅದು ಮೇಲು, ಸುಣ್ಣಾಂಶದ ಮಟ್ಟಿಗೆ ಅಲ್ಲ.

ಆ ನೀರನ್ನು ಚಪಾತಿ ಹಿಟ್ಟು ಕಲಸಲು, ಬೇಳೆ ಬೆಂದ ಮೇಲೆ ಸಾರಿಗೆ, ರಾಗಿ ಅಂಬಲಿಗೆ ಅಥವಾ ಮಜ್ಜಿಗೆಗೆ ನೀರಿನ ಬದಲು ಬಳಸಬಹುದು. ಸಾರಿಗೆ ಹಾಕಿದಾಗ ಹುಣಸೆಹಣ್ಣನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿ. ಬೇಳೆ ಬೇಯಿಸುವಾಗಲೇ ಹಾಕಿದರೆ ಮಾತ್ರ ಹುಳಿಯಿಂದಾಗಿ ಬೇಳೆ ಮೆತ್ತಗಾಗದೆ ಉಳಿದುಬಿಡುತ್ತದೆ. ಅತ್ತೆಯವರು ಅದನ್ನು ಕುಡಿಯುವುದಾದರೆ ಅದರಲ್ಲಿ ಹಾಲಿನ ಸಕ್ಕರೆ ಇರುವುದರಿಂದ ಲೋಟಗಟ್ಟಲೆ ಬೇಡ. ಚೊಕ್ಕ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಬಾಳುತ್ತದೆ.

ಸೋಸುವ ಗೊಡವೆಯೇ ಬೇಡವೆನಿಸಿದ ದಿನಗಳಿಗೆ ಇನ್ನೊಂದು ದಾರಿಯಿದೆ. ಒಂದು ಲೀಟರ್ ಟೋನ್ಡ್ ಹಾಲಿಗೆ ಮೂರು ನಾಲ್ಕು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿಯನ್ನು ತಣ್ಣಗಿರುವಾಗಲೇ ಗಂಟಿಲ್ಲದಂತೆ ಕದಡಿ, ಆಮೇಲೆ ಮೊದಲು ಹೇಳಿದಂತೆ ಹತ್ತು ನಿಮಿಷ ಕಾಯಿಸಿ ಹೆಪ್ಪು ಹಾಕಿ. ಚಕ್ಕಾದಷ್ಟು ಗಟ್ಟಿಯಾಗದಿದ್ದರೂ ಪದರ ನಿಲ್ಲುವಷ್ಟು ಬಿಗಿಯಾಗುತ್ತದೆ, ಸುಣ್ಣಾಂಶವೂ ಎಲ್ಲಿಗೂ ಹೋಗುವುದಿಲ್ಲ. ಇದನ್ನು ಡಬ್ಬಿಯಲ್ಲೇ ನೇರವಾಗಿ ಹೆಪ್ಪು ಹಾಕಿದರೆ ಬಲೆ ಕಡಿಯುವ ಪ್ರಶ್ನೆಯೇ ಇಲ್ಲ. ರಾತ್ರಿ ಮಗಳ ಸ್ಟೀಲ್ ಡಬ್ಬಿಯಲ್ಲಿ ಮುಕ್ಕಾಲು ಭಾಗ ಹೆಪ್ಪು ಹಾಕಿ, ಬೆಳಗ್ಗೆ ಎದ್ದ ಕೂಡಲೇ ಫ್ರಿಜ್‌ನಲ್ಲಿಟ್ಟು ತಣಿಸಿ, ಹೊರಡುವಾಗ ಮೇಲೆ ದಾಳಿಂಬೆ ಹರಡಿ ಮುಚ್ಚಳ ಹಾಕಿ ಕಳುಹಿಸಿ. ಬೇಸಿಗೆಯಲ್ಲಾದರೆ ಸಂಜೆಯೇ ಹೆಪ್ಪು ಹಾಕಿ ಮಲಗುವ ಮುನ್ನ ಫ್ರಿಜ್‌ಗೆ ಸೇರಿಸಬೇಕಾಗುತ್ತದೆ, ಕಾಲೇಜಿಗೆ ಒಯ್ಯುವಾಗ ಡಬ್ಬಿಯ ಪಕ್ಕದಲ್ಲಿ ಮಂಜುಗಟ್ಟಿಸಿದ ನೀರಿನ ಬಾಟಲಿಯೊಂದನ್ನು ಇಟ್ಟರೆ ಹನ್ನೊಂದರವರೆಗೆ ತಂಪಾಗಿಯೇ ಇರುತ್ತದೆ.